ಗೋಡೆಕಿವಿಯ ಬೋರ್ಡು

ನಾನು ಮ್ಯೂಸಿಯಂಗೆ ಹೋಗಿದ್ದು ಹಳೆಯ ಸಾಮಾನು ನೋಡಿ ಕಣ್ಣರಳಿಸಲಿಕ್ಕಲ್ಲ, ಜಗಳವಾಡಲಿಕ್ಕೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಲವತ್ತು ವರ್ಷ ಟೈಲರಿಂಗ್ ಅಂಗಡಿ ನಡೆಸಿದವಳು ನಾನು. ಬಟ್ಟೆಯನ್ನಷ್ಟೇ ಅಲ್ಲ, ಮನುಷ್ಯರನ್ನೂ ಹೊಲಿಗೆ ಬಿಚ್ಚಿ ಕೈಗೆ ಕೊಡುವ ಬಾಯಿ ನನ್ನದು ಎಂದು ಊರಿಗೆಲ್ಲ ಗೊತ್ತು.

ವಿಷಯ ಇಷ್ಟೇ. ಸ್ಟೇಷನ್ ಹಿಂದಿನ ಹಳೆಯ ಗೋದಾಮಿನಲ್ಲಿ ಮೂರು ಕೋಣೆಯ ಮ್ಯೂಸಿಯಂ ಆಗಿದೆ. ಅಲ್ಲಿಗೆ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡು ಬಂದಿದೆ, ಭಾನುವಾರ ಆ ಕೋಣೆ ತೆರೆಯುತ್ತೇವೆ, ದಯವಿಟ್ಟು ಬನ್ನಿ ಎಂದು ಅಕ್ಕನಿಗೆ ಕಾಗದ ಬಂತು. ಆ ಬೋರ್ಡಿನ ಮುಂದೆ ಅಕ್ಕ ಹದಿನೇಳು ವರ್ಷ ಕೂತಿದ್ದಳು. ಊರಿನಲ್ಲಿ ಆಗ ಇದ್ದಿದ್ದೇ ನೂರಿಪ್ಪತ್ತು ಫೋನು. ಯಾರು ಯಾರ ಜೊತೆ ಮಾತಾಡಬೇಕಾದರೂ ಮೊದಲು ಅವಳಿಗೆ ನಂಬರ್ ಹೇಳಬೇಕು, ಅವಳು ವೈರು ಚುಚ್ಚಿ ಕನೆಕ್ಷನ್ ಕೊಡಬೇಕು. ಆಮೇಲೆ, ಈಕೆ ಬೇರೆಯವರ ಮಾತು ಕದ್ದು ಕೇಳುತ್ತಾಳೆ ಎಂದು ದೂರು ಹೋಯಿತು. ಅವಳನ್ನು ಅಲ್ಲಿಂದ ಎಬ್ಬಿಸಿ ಕಡತದ ಕೋಣೆಗೆ ಹಾಕಿದರು. ಅಷ್ಟರಲ್ಲಾಗಲೇ ಊರಿನ ಬಾಯಲ್ಲಿ ಅವಳ ಹೆಸರು ಗೋಡೆಕಿವಿ ಎಂದಾಗಿತ್ತು.

ಅಕ್ಕ ಕಾಗದ ಓದಿ ಮಡಚಿಟ್ಟಳು. "ನಾನು ಹೋಗಲ್ಲ ಕಣೇ. ಅಲ್ಲಿ ಪ್ರತಿಯೊಂದಕ್ಕೂ ಚೀಟಿ ಅಂಟಿಸ್ತಾರಂತೆ. ಬಾಯಲ್ಲಿ ಅಂದಿದ್ದು ಅಂದವರ ಜೊತೆ ಹೋಗುತ್ತೆ. ಬರೆದಿದ್ದು ನಾನು ಸತ್ತ ಮೇಲೂ ಇರುತ್ತೆ."

ಆ ಚೀಟಿಯಲ್ಲಿ ಏನು ಬರೆದಿದ್ದಾರೆಂದು ನಾನೇ ಹೋಗಿ ನೋಡಬೇಕು ಎಂದುಕೊಂಡೆ. ಯಾಕೆಂದರೆ ಆ ಹೆಸರು ಇಟ್ಟಿದ್ದು ಊರಲ್ಲ, ನಾನು. ನನ್ನ ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು ಆಗ. ಒಂದು ಮಧ್ಯಾಹ್ನ ಗೆಳತಿಗೆ ಫೋನಿನಲ್ಲಿ, "ಬದುಕಿರೋಕೇ ಮನಸ್ಸಿಲ್ಲ ಕಣೇ" ಎಂದೆ. ರಿಸೀವರ್ ಇಟ್ಟು ಹತ್ತು ನಿಮಿಷ ಆಗಿರಲಿಲ್ಲ, ಅಕ್ಕ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನಾಲ್ಕು ನಿಂಬೆಹಣ್ಣು. "ಅಗ್ಗಕ್ಕೆ ಸಿಕ್ತು, ಕೊಟ್ಟು ಹೋಗೋಣ ಅಂತ ಬಂದೆ" ಎಂದಳು. ಬೋರ್ಡನ್ನು ಪ್ಯೂನನ ಕೈಗೆ ಬಿಟ್ಟು ನಿಂಬೆಹಣ್ಣು ಕೊಡಲು ಯಾರಾದರೂ ಓಡಿ ಬರುತ್ತಾರೆಯೇ? ನನ್ನ ಮಾತು ಕೇಳಿಸಿಕೊಂಡಿದ್ದಾಳೆ ಎಂದು ಗೊತ್ತಾಗಿ ಮೈಯೆಲ್ಲ ಉರಿದುಹೋಯಿತು. ಅವಳು ವಾಪಸ್ ಡ್ಯೂಟಿಗೆ ಹೋದ ಮೇಲೆ ಅದೇ ಗೆಳತಿಗೆ ಹೇಳಿದೆ, "ಅವಳು ಅಕ್ಕ ಅಲ್ಲ ಕಣೇ, ಗೋಡೆಕಿವಿ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾರದೊಳಗೆ ತರಕಾರಿ ಅಂಗಡಿಯಲ್ಲೂ ಅದೇ ಹೆಸರು. ಆ ಗೆಳತಿ ಈಗಿಲ್ಲ. ಹೆಸರು ಹುಟ್ಟಿದ್ದು ನನ್ನ ಬಾಯಿಂದ ಎಂದು ಬೇರೆ ಯಾರಿಗೂ ಗೊತ್ತಿಲ್ಲ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ.

ಮರುದಿನ ಬೆಳಿಗ್ಗೆಯೇ ಮ್ಯೂಸಿಯಂಗೆ ಹೋದೆ. ಅದನ್ನು ನೋಡಿಕೊಳ್ಳುವವನನ್ನು ಊರು ಮೀಟರಣ್ಣ ಅನ್ನುತ್ತದೆ. ಮೂವತ್ತು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿದ ಮನುಷ್ಯ. ನಿವೃತ್ತಿಯಾದ ಮೇಲೆ ಅದೇ ಮನೆಗಳ ಅಟ್ಟದಿಂದ ಸಾಮಾನು ಇಳಿಸಿಕೊಂಡು ಬಂದು ಇಲ್ಲಿ ಜೋಡಿಸಿದ್ದಾನೆ. ಅವನು ಒಳಗೆಲ್ಲೋ ಇದ್ದ. ಅಲ್ಲಿಯವರೆಗೆ ಬಾಯಿ ಸುಮ್ಮನಿರಬೇಕಲ್ಲ, ಚೀಟಿ ಓದುತ್ತಾ ನಿಂತೆ.

ಮಕ್ಕಳನ್ನು ತೂಗುವ ತಕ್ಕಡಿ. ಅದರ ಚೀಟಿಯಲ್ಲಿ ಸೂಲಗಿತ್ತಿ ತನ್ನ ಕೈಯಾರೆ ತೂಗಿದ ಮೊದಲ ಮಗು ಯಾರು, ಕೊನೆಯದು ಯಾರು ಎಂದು ಬರೆದಿತ್ತು. ಮಗ್ಗುಲಲ್ಲಿ ಕ್ಷೌರದಂಗಡಿಯ ಕುರ್ಚಿ. ಚೀಟಿಯಲ್ಲಿ ಹೀಗಿತ್ತು: "ಇದರ ಎಡಗಡೆಯ ಕೈ ಬಲಗಡೆಗಿಂತ ಹೆಚ್ಚು ಸವೆದಿದೆ. ಯಾಕೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ." ಗೊತ್ತಿಲ್ಲ ಎಂದು ಬರೆದು ಗೋಡೆಗೆ ಅಂಟಿಸುವ ಗಂಡಸನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಅರ್ಧ ಕೋಪ ಅಲ್ಲೇ ಇಳಿದುಹೋಯಿತು. ಬಡಗಿಯ ಉಳಿಗಳನ್ನು ಕೈಗೆ ಸಿಗುವ ಕ್ರಮದಲ್ಲೇ ಇಟ್ಟಿದ್ದ. ಅಟ್ಟೆ ಹರಿದ ಶಾಲೆಯ ಚಪ್ಪಲಿಯನ್ನು ಒರೆಸಿ ಗಾಜಿನೊಳಗೆ ಇಟ್ಟಿದ್ದ. ಎಷ್ಟು ಅಚ್ಚುಕಟ್ಟು ಎಂದರೆ, ನನ್ನ ಅಂಗಡಿಯ ಗುಂಡಿ ಡಬ್ಬಿಗಳನ್ನು ನೆನೆದು ನನಗೇ ನಾಚಿಕೆಯಾಯಿತು.

"ಬನ್ನಿ ಟೈಲರಮ್ಮ, ಬನ್ನಿ" ಎನ್ನುತ್ತಾ ಮೀಟರಣ್ಣ ಬಂದ. "ನಿಮ್ಮಕ್ಕ ಬರಲಿಲ್ವಾ?"

"ಮೊದ್ಲು ಚೀಟಿ ತೋರಿಸಪ್ಪ. ಆಮೇಲೆ ಅಕ್ಕನ ಮಾತು" ಎಂದೆ.

ಅವನು ಮೂರನೇ ಕೋಣೆಗೆ ಕರೆದುಕೊಂಡು ಹೋದ. ಬೋರ್ಡು ಗೋಡೆಯಗಲ ನಿಂತಿತ್ತು. ಮರಕ್ಕೆ ಎಣ್ಣೆ ಕುಡಿಸಿದ್ದ. ಪ್ರತಿ ವೈರಿನ ಬಟ್ಟೆಯ ಸುತ್ತು ಬಿಟ್ಟಲ್ಲಿ ಅದೇ ಬಣ್ಣದ ದಾರದಿಂದ ಸುತ್ತಿದ್ದ. ದಾರದ ಕೆಲಸ ನನಗೆ ಗೊತ್ತು, ಅದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಪಕ್ಕದಲ್ಲಿ ಚೀಟಿ ಇತ್ತು. ಖಾಲಿ.

"ಇಲ್ಲಿ ನೋಡಿ" ಎಂದು ಅವನು ತೂತುಗಳ ಸಾಲನ್ನು ತೋರಿಸಿದ. ಒಂದೊಂದು ತೂತು ಒಂದೊಂದು ಮನೆಯ ಫೋನು. ಕೆಲವು ತೂತಿನ ಪಕ್ಕ ಸಾಸಿವೆಯಷ್ಟು ಚುಕ್ಕೆ, ಕೆಲವಕ್ಕೆ ಕೆಂಪು, ಕೆಲವಕ್ಕೆ ಬಿಳಿ. "ಮೊದಲು ಕೊಳೆ ಅಂದ್ಕೊಂಡೆ. ಮೇಲಿನ ಸಾಲು ಪೂರ್ತಿ ಸ್ಪಿರಿಟ್ ಹಾಕಿ ಉಜ್ಜಿಬಿಟ್ಟೆ. ಎರಡನೇ ಸಾಲಿಗೆ ಬಂದಾಗ ಇವು ಬೇಕಂತಲೇ ಇಟ್ಟಿರೋದು ಅಂತ ಹೊಳೀತು. ಇಪ್ಪತ್ತು ಮನೆ ಅಳಿಸಿದ್ದೀನಿ ನಾನು. ಮೂರು ದಿನ ಊಟ ಸೇರಲಿಲ್ಲ."

"ಏನಿವು?"

"ಗೊತ್ತಿಲ್ಲ. ಬಂದವರೆಲ್ಲ ಒಂದೇ ಮಾತು ಹೇಳ್ತಾರೆ. ಕದ್ದು ಕೇಳೋ ಮನೆಗಳಿಗೆ ಗುರುತು ಅಂತ. ಹಾಗೇ ಬರಿ ಅಂತಾರೆ. ಗುರುತು ಇಟ್ಟವರನ್ನ ಕೇಳ್ದೆ ಹೇಗೆ ಬರೀಲಿ?"

ನಾನು ಕೆಂಪು ಚುಕ್ಕೆಗಳನ್ನೇ ನೋಡಿದೆ. ಅರವತ್ತೆರಡು ನನ್ನ ಮನೆಯ ನಂಬರು. ಅದರ ಪಕ್ಕ ಕೆಂಪು ಚುಕ್ಕೆ ಇತ್ತು. ಊರಿನವರು ಹೇಳುವುದೇ ನಿಜವಿದ್ದರೆ? ಅಕ್ಕನನ್ನು ಕರೆತಂದು ಅವಳ ಬಾಯಿಂದಲೇ ಒಪ್ಪಿಸಿದಂತೆ ಆದರೆ? ಬೇಡ ಎಂದು ಒಂದು ಮನಸ್ಸು. ಆದರೆ ಮೂರು ದಿನ ಊಟ ಬಿಟ್ಟವನ ಮುಂದೆ, ಅಕ್ಕನಿಗೆ ಏನೂ ನೆನಪಿಲ್ಲ ಎಂದು ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

ಮನೆಗೆ ಬಂದು ಅಕ್ಕನಿಗೆ ಅಂದೆ, "ಚೀಟಿ ಖಾಲಿ ಇದೆ. ನೀನು ಬರದಿದ್ರೆ ಊರಿನವರು ತುಂಬಿಸ್ತಾರೆ. ಎದ್ದೇಳು."

ಅಕ್ಕ ಬೋರ್ಡಿನ ಮುಂದೆ ಬಂದು ನಿಂತಳು. ಕೈ ತಾನಾಗಿ ಹೋಗಿ ಒಂದು ವೈರನ್ನು ಎತ್ತಿಕೊಂಡಿತು. ಮೀಟರಣ್ಣ ಓಡಿಹೋಗಿ ಕುರ್ಚಿ ತಂದ. ಅವಳು ಕೂತ ಮೇಲೆ ಅವನು ಅವಳ ಪಕ್ಕ ನೆಲದ ಮೇಲೆ ನೋಟ್‌ಬುಕ್ ಹಿಡಿದು ಕೂತ. ನಾನು ಬಾಗಿಲ ಹತ್ತಿರ ನಿಂತೆ.

"ಬಿಳಿ ಚುಕ್ಕೆ ಇದ್ರೆ ಕಿವಿ ಮಂದ ಇರೋರು" ಎಂದಳು ಅಕ್ಕ. "ಗಂಟೆ ತುಂಬಾ ಹೊತ್ತು ಬಾರಿಸಬೇಕು. ಇಪ್ಪತ್ತೊಂಬತ್ತರ ಮೇಷ್ಟ್ರು ಎದ್ದು ಬರೋಷ್ಟರಲ್ಲಿ ನಾನು ಒಂದು ಲೋಟ ನೀರು ಕುಡೀಬಹುದಿತ್ತು."

"ಕೆಂಪು?"

"ಮನೇಲಿ ಒಬ್ಬರೇ ಇರೋರು. ಬೆಳಿಗ್ಗೆ ಹನ್ನೊಂದರೊಳಗೆ ಅವರ ಫೋನು ಒಂದು ಸಲನೂ ಅಲ್ಲಾಡದಿದ್ರೆ, ಲೈನ್ ಟೆಸ್ಟ್ ಅಂತ ಸುಳ್ಳು ಹೇಳಿ ನಾನೇ ಮಾಡ್ತಿದ್ದೆ. ಎತ್ತಿದ್ರೆ ಸರಿ. ಎತ್ತದಿದ್ರೆ ಅಕ್ಕಪಕ್ಕದವರಿಗೆ ಮಾಡಿ, ಸ್ವಲ್ಪ ನೋಡಿ ಬನ್ನಿ ಅಂತಿದ್ದೆ. ನಲವತ್ತನಾಲ್ಕರ ಅಜ್ಜಿ ಬಚ್ಚಲಲ್ಲಿ ಬಿದ್ದಿದ್ದು ಹಾಗೇ ಗೊತ್ತಾಗಿದ್ದು."

ಹನ್ನೊಂದು ಗಂಟೆಯ ಆ ಲೈನ್ ಟೆಸ್ಟ್ ನನಗೂ ಬರುತ್ತಿತ್ತು, ಡ್ಯೂಟಿಯ ಕೆಲಸ ಎಂದೇ ಅಂದುಕೊಂಡಿದ್ದೆ. ಮೀಟರಣ್ಣನ ಪೆನ್ನು ನಿಂತಿತು. "ಇದನ್ನ ನೀವು ಯಾರಿಗೂ ಹೇಳಲಿಲ್ವಾ ಅಮ್ಮ?"

"ಒಬ್ಬರೇ ಇದ್ದಾರೆ ಅಂತ ಪಟ್ಟಿ ಮಾಡಿ ಸಾರೋಕಾಗುತ್ತೇನಪ್ಪ? ಕಳ್ಳರಿಗೆ ದಾರಿ ತೋರಿಸಿದ ಹಾಗೆ." ಅಕ್ಕ ಉಸಿರು ಎಳೆದುಕೊಂಡಳು. "ಕೇಳಿಸಿಕೊಳ್ತಿದ್ದೆ, ಅದೂ ನಿಜ. ಕೆಂಪು ಚುಕ್ಕೆಯವರು ಮಾತಾಡುವಾಗ ಸ್ವರ ಹೇಗಿದೆ ಅಂತ ಒಂದು ನಿಮಿಷ ಕಿವಿ ಇಡ್ತಿದ್ದೆ. ತಪ್ಪು ಅಂದ್ರೆ ತಪ್ಪೇ. ಬರಿ, ಮುಚ್ಚಿಡಬೇಡ."

ಆಮೇಲೆ ಅವನು ಅಳಿಸಿದ ಮೇಲಿನ ಸಾಲಿನ ಮನೆಗಳನ್ನು ಅವಳು ಒಂದೊಂದಾಗಿ ಹೇಳಿದಳು, ನಲವತ್ತು ವರ್ಷದ ಮೇಲೆ, ಒಂದು ಕಡೆಯೂ ತಡವರಿಸದೆ. ಯಾರ ಮನೆ, ಯಾವ ಬಣ್ಣ, ಯಾವ ವರ್ಷದವರೆಗೆ. ಅಬ್ಬಾ, ಎಂಥ ತಲೆ ಅದು! ನಾನು ನಿನ್ನೆ ತೆಗೆದುಕೊಂಡ ಅಳತೆ ಇವತ್ತು ಮರೆಯುತ್ತೇನೆ. ಚುಕ್ಕೆ ಮತ್ತೆ ಇಟ್ಟುಕೊಡಲೇ ಎಂದು ಅಕ್ಕ ಕೇಳಿದಳು. "ಬೇಡಮ್ಮ. ಅಳಿಸಿದ್ದು ನಾನು. ಅದನ್ನೂ ಚೀಟಿಯಲ್ಲಿ ಬರೀತೀನಿ" ಎಂದ ಮೀಟರಣ್ಣ. ಇವರಿಬ್ಬರ ಎದುರು ನಾನು ಎಷ್ಟು ಸಣ್ಣವಳು ಎಂದು ನನಗೆ ಆಗ ತಿಳಿಯಿತು.

"ಒಂದೇ ಒಂದು ಉಳೀತು" ಎಂದ ಅವನು. "ಆ ಅಡ್ಡಹೆಸರು ಎಲ್ಲಿಂದ ಬಂತು ಅಂತ ಯಾರಿಗಾದ್ರೂ ಗೊತ್ತಾ? ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಬರೀತೀನಿ."

ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ನನಗೆ ಗೊತ್ತು. ಇಟ್ಟವಳು ನಾನು. ಬರ್ಕೋ, ಅವಳ ಒಡಹುಟ್ಟಿದ ತಂಗಿ ಅಂತ ಬರ್ಕೋ." ಅಳು ಬಂದುಬಿಟ್ಟಿತು. ಮೀಟರಣ್ಣ ಬರೆಯಲಿಲ್ಲ, ತಲೆ ತಗ್ಗಿಸಿ ಕೂತ.

ಅಕ್ಕ ಕುರ್ಚಿಯಲ್ಲೇ ತಿರುಗಿ ನನ್ನನ್ನು ನೋಡಿದಳು. "ಅಯ್ಯೋ, ಅದಕ್ಕೆ ಯಾಕೆ ಅಳ್ತೀಯೇ? ನಂಗೆ ಅವತ್ತೇ ಗೊತ್ತಿತ್ತು. ನೀನು ಅದನ್ನ ಹೇಳಿದ್ದು ಫೋನಲ್ಲಿ ತಾನೇ? ಕನೆಕ್ಷನ್ ಕೊಟ್ಟವಳೇ ನಾನು."

ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದೆ, "ಕೇಳಿಸಿಕೊಂಡೂ ಮಾರನೇ ದಿನ ಹನ್ನೊಂದಕ್ಕೆ ನನಗೆ ಫೋನ್ ಮಾಡಿದ್ಯಾ?"

"ಮತ್ತಿನ್ನೇನು?" ಎಂದಳು ಅಕ್ಕ. "ಮನೇಲಿ ನೀನೊಬ್ಬಳೇ ಇದ್ಯಲ್ಲೇ."