ಓಬವ್ವ ಬೆಳಗಿದ ಎರಡನೇ ಸೀಡಿ

1

ಎಲ್ಲಿಂದ ಶುರು ಮಾಡಲಿ? ಕಂಪ್ಯೂಟರ್ ತೆರೆಯ ಮೇಲೆ ಬಂದ ಸಾಲಿನಿಂದ ಶುರು ಮಾಡಿದರೆ ನೀವು ಪುಟ ತಿರುವಿಹಾಕುತ್ತೀರಿ. ‘ಫೇಲ್ಡ್ ಡಿಪೆಂಡೆನ್ಸೀಸ್’ ಎಂದಿತ್ತು ಅದು. ಅಂದರೆ ವೆಬ್ ಸರ್ವರ್ ಎಂಬ, ವೆಬ್ ಪುಟ ಬಡಿಸುವ ಪ್ರೋಗ್ರಾಮು ಓಡಬೇಕಾದರೆ ಒಂದು ಲೈಬ್ರರಿ ಬೇಕು, ಆ ಲೈಬ್ರರಿಗೆ ಇನ್ನೊಂದು, ಅದಕ್ಕೆ ಮತ್ತೊಂದು. (ಪುಸ್ತಕದ ಲೈಬ್ರರಿಯಲ್ಲ ಸ್ವಾಮಿ. ಒಂದು ಪ್ರೋಗ್ರಾಮು ಇನ್ನೊಂದರ ಹತ್ತಿರ ಕೈಬದಲು ಕೇಳುವ ಸಾಮಾನು.) ಮದುವೆ ಮನೆಯಲ್ಲಿ ಚಿಕ್ಕಪ್ಪ ಬರದೆ ದೊಡ್ಡಪ್ಪ ಎಲೆ ಮುಂದೆ ಕೂರುವುದಿಲ್ಲವಲ್ಲ, ಹಾಗೆ.

ಬೇಡ. ಹರಿದು ಹಾಕಿದೆ.

1, ಮತ್ತೆ

ಇಸವಿ ಎರಡು ಸಾವಿರದ ಒಂದು, ಹಿರಿಯೂರಿನ ಹತ್ತಿರದ ಒಂದು ಗೊಲ್ಲರಹಟ್ಟಿ, ಆಯುಧಪೂಜೆಯ ಮರುದಿನ. ಮೀನಾಕ್ಷಿ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಚಿತ್ರದುರ್ಗದ ಒಂದು ಕಾಲೇಜಿನವರು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಎರಡು ಸೀಡಿ ಕೊಟ್ಟು, ವೆಬ್ ಸರ್ವರ್ ಹಾಕಿ ಸೋಮವಾರ ಕಂಪ್ಯೂಟರಿನ ಡಬ್ಬ ತಂದು ಓಡಿಸಿ ತೋರಿಸಿದರೆ ಲ್ಯಾಬಿನ ಕೆಲಸ ನಿನ್ನದೇ ಎಂದಿದ್ದಾರೆ. ಕೆಲಸ ಸಿಗದಿದ್ದರೆ ಕಂಪ್ಯೂಟರ್ ಮಾರಿ ಮತ್ತೆ ಕುರಿ ಕಟ್ಟುವುದೆಂದು ಅಪ್ಪ ಗೊಲ್ಲಪ್ಪ ಹೇಳಿಯಾಗಿದೆ. ಕುರಿ ಮಾರಿಯೇ ಅದನ್ನು ತಂದದ್ದು. ಗಂಡನ ಮಾತು ಮೀರಿ ಮಾರಿದವಳು ಅವ್ವ, ಓಬವ್ವ.

ಬೇಕಾದ ಕೊನೆಯ ಲೈಬ್ರರಿ ಎರಡನೇ ಸೀಡಿಯಲ್ಲಿದೆ. ಡ್ರೈವು ಕರಕರ ತಿರುಗಿ ಸುಮ್ಮನಾಯಿತು. ಮೀನಾಕ್ಷಿ ಸೀಡಿ ಹೊರತೆಗೆದು ತಿರುಗಿಸಿ ನೋಡಿದಳು. ಡ್ರೈವು ಓದಬೇಕಾದ ಹೊಳೆಯುವ ಮೈತುಂಬ ಗೀರು.

“ಅವ್ವ, ಇದನ್ನೇನು ಮಾಡ್ದೆ?”

“ಪೂಜೆಗಿಡಾಕೆ ಬೆಳಗ್ದೆ ಕಣವ್ವ. ಬೂದಿ, ತೆಂಗಿನ ನಾರು ಹಾಕಿ ತಿಕ್ಕೀನಿ. ತಟ್ಟೆ ಬೆಳಗದಂಗೆ ಯಾರಾದ್ರೂ ಪೂಜೆಗಿಡ್ತಾರಾ? ಇನ್ನೊಂದು ತಟ್ಟೆ ಆ ಕಂಪ್ಯೂಟ್ರು ಡಬ್ಬದೊಳಗಿತ್ತು, ಕೈಗೆ ಸಿಗಲಿಲ್ಲ. ಯಾಕೆ, ಏನಾತು?”

“ಏನಿಲ್ಲ ಬಿಡು.”

(ಅಕ್ಷರ ಇರುವ ಕಡೆ ಬೆನ್ನು, ಹೊಳೆಯುವ ಕಡೆ ಮುಖ ಎಂದುಕೊಂಡಿದ್ದಾಳೆ ಓಬವ್ವ. ಹಿತ್ತಾಳೆಯಾಗಲಿ ಕನ್ನಡಿಯಾಗಲಿ ಹಾಗೇ ಅಲ್ಲವೇ? ನಾನು ಯಾವ ಬಾಯಲ್ಲಿ ಬೈಯಲಿ?)

2

ಇನ್ನೊಂದು ಸೀಡಿ ತರಬಾರದೇ ಎನ್ನುತ್ತೀರಿ. ಕಾಲೇಜಿಗೆ ದಸರಾ ರಜ, ಬಾಗಿಲು ತೆಗೆಯುವುದೇ ಸೋಮವಾರ. ಹಿರಿಯೂರಿನ ಸೈಬರ್ ಸೆಂಟರ್? ಅಲ್ಲಿಗೂ ಮೀನಾಕ್ಷಿಯನ್ನು ಕಳಿಸಿದೆ. ಆ ಲೈಬ್ರರಿ ಇಂಟರ್ನೆಟ್ಟಿನಿಂದ ಅರ್ಧ ಇಳಿಯುವಷ್ಟರಲ್ಲಿ ಫೋನ್ ಲೈನ್ ಕಟ್. ಎಷ್ಟು ಸಲ ತಿದ್ದಿ ಬರೆದರೂ ಕಟ್. ಬರೆಯುವವನು ನಾನೇ, ಆದರೂ ನನ್ನ ಮಾತು ನಡೆಯುತ್ತಿಲ್ಲ. ಥೂ ಇದರ.

“ಸಾರ್,” ಎಂದಳು ಮೀನಾಕ್ಷಿ, “ಕಥೆಯಿಂದ ಆ ಪೂಜೆನೇ ತೆಗೆದುಬಿಡ್ರಿ.”

ತೆಗೆದೆ. ಆದರೆ ಮಗಳ ಕಂಪ್ಯೂಟರಿಗೆ ಪೂಜೆ ಮಾಡದ ಓಬವ್ವ, ಅದಕ್ಕಾಗಿ ಕುರಿ ಮಾರುವವಳೂ ಅಲ್ಲ. ಕುರಿ ಮಾರದಿದ್ದರೆ ಕಂಪ್ಯೂಟರಿಲ್ಲ. ಕಂಪ್ಯೂಟರಿಲ್ಲದಿದ್ದರೆ ಮೀನಾಕ್ಷಿ ಈ ಹೊತ್ತಿಗೆ ಕುರಿ ಹಿಂದೆ ಹೋಗಿರುತ್ತಾಳೆ, ನಿಮ್ಮೆದುರು ಖಾಲಿ ಹಾಳೆ. ಫೇಲ್ಡ್ ಡಿಪೆಂಡೆನ್ಸೀಸ್.

ಪೂಜೆಯನ್ನು ಮತ್ತೆ ಇದ್ದಲ್ಲೇ ಇಟ್ಟೆ.

ಒಂದು ಅಂತ್ಯ

ಗೀರುಬಿದ್ದ ಸೀಡಿ ಹೇಗೋ ಓದಿಕೊಳ್ಳುತ್ತದೆ. (ಇದನ್ನು ಬರೆಯಲು ನನಗೇ ನಾಚಿಕೆ.)

ಇನ್ನೊಂದು

ಮೀನಾಕ್ಷಿ ನಿಜ ಹೇಳುತ್ತಾಳೆ. ಓಬವ್ವ ತನ್ನ ಅಂಗೈ ನೋಡಿಕೊಳ್ಳುತ್ತಾಳೆ. ಅಂದಿನಿಂದ ಸಾಯುವವರೆಗೂ ಮಗಳ ಒಂದು ವಸ್ತುವನ್ನೂ ಮುಟ್ಟುವುದಿಲ್ಲ.

“ಹೊಡೆದಾಕ್ರಿ ಇದನ್ನ,” ಎಂದಳು ಮೀನಾಕ್ಷಿ.

“ಕೆಲಸ ಹೋಗುತ್ತಲ್ಲಮ್ಮ? ಅವ್ವನಿಗೆ ಹೇಳಿದರೆ ಕಂಪ್ಯೂಟರ್ ಮಾರದಂತೆ ಅಪ್ಪನ ಹತ್ತಿರ ಮಾತಾಡಿಯಾಳು,” ಎಂದೆ.

“ಹೊಡೆದಾಕ್ರಿ ಅಂದ್ನಲ್ಲ ಸಾರ್.”

ಹೊಡೆದುಹಾಕಿದೆ.

ಅಂತ್ಯವಲ್ಲದ್ದು

ಓಬವ್ವ ಒಲೆ ಬಿಟ್ಟು ಬಂದು ಮಗಳ ಬೆನ್ನ ಹಿಂದೆ ನಿಂತಿದ್ದಾಳೆ.

“ನಾನು ಬೆಳಗಿದ್ ತಟ್ಟೆ ಓದ್ತೈತಾ ಅದು?”

“ಓದ್ತೈತೆ ಕಣವ್ವ. ಚೆನ್ನಾಗಿ ಓದ್ತೈತೆ.”

ಓಬವ್ವನ ಮುಖ ಅರಳಿತು. ಆ ಮುಖವನ್ನು ನಾನು ಇಷ್ಟು ಹೊತ್ತೂ ನೋಡಿರಲಿಲ್ಲ.

“ಹಂಗಾದ್ರೆ ಇನ್ನೊಂದೂ ಕೊಡು. ಅದೊಂದ್ಯಾಕೆ ಕೊಳೆಯಾಗಿರಬೇಕು, ಬೆಳಗಿಕೊಡ್ತೀನಿ.”

ಕೊಡಬೇಡ ಎಂದು ನಾನು ಬರೆದೆ. ದಪ್ಪಕ್ಷರದಲ್ಲಿ ಬರೆದೆ. ಮೀನಾಕ್ಷಿ ನನ್ನ ಕಡೆ ತಿರುಗಿಯೂ ನೋಡದೆ, ಗೀರಿಲ್ಲದೆ ಉಳಿದಿದ್ದ ಒಂದನೇ ಸೀಡಿಯನ್ನು ಅವ್ವನ ಕೈಗಿಟ್ಟಳು.

ಸೋಮವಾರ ಏನಾಯಿತೆಂದು ಕೇಳಬೇಡಿ. ಅದನ್ನು ಬರೆಯುವುದು ನನ್ನ ಕೈಲಾಗದು, ಬೇಕಿದ್ದರೆ ನೀವೇ ಬರೆದುಕೊಳ್ಳಿ. ಪೆನ್ನು ಮುಚ್ಚಿಟ್ಟಾಗಿದೆ. ಆದರೂ ಹಿತ್ತಿಲಲ್ಲಿ ಓಬವ್ವ ತಿಕ್ಕುವ ಸದ್ದು ನಿಂತಿಲ್ಲ.