ಬೇರಿಲ್ಲದ ಗಿಡ

ನನ್ನ ಅಣ್ಣ ಇಸಿದೋರನಿಗೆ ಸುಮ್ಮನೆ ಕೂರುವ ವಿದ್ಯೆ ಒಂದು ಬಿಟ್ಟು ಉಳಿದದ್ದೆಲ್ಲ ಗೊತ್ತಿತ್ತು. ಹಂಚಿನ ಕಾರ್ಖಾನೆಯಲ್ಲಿ ಅವನು ಹಂಚು ಸುಡುವ ಗೂಡಿನ ಫೋರ್‌ಮನ್. ಗೂಡಿಗೆ ಬೆಂಕಿ ಹಾಕಿದ ಮೇಲೆ ಕಿಂಡಿಯೊಳಗೆ ಕಬ್ಬಿಣದ ಕೊಕ್ಕೆ ತೂರಿಸಿ, ಒಂದು ಹಂಚನ್ನು ಹೊರಗೆಳೆದು, ಬೆಂದಿದೆಯೋ ಇಲ್ಲವೋ ಎಂದು ನೋಡುವುದು ಅವನ ಕೆಲಸ. ಮನೆಯಲ್ಲೂ ಅದೇ ಚಾಳಿ. ಅತ್ತಿಗೆ ರೊಸಾಲಿನ್ ಒಲೆಯ ಮೇಲೆ ಹಬೆಯಲ್ಲಿ ಬೇಯಲು ಸನ್ನಣ ಇಟ್ಟರೆ ಮುಚ್ಚಳ ತೆಗೆದು ತೆಗೆದು ನೋಡಿ ಕಲ್ಲಾಗಿಸುವವನು. ನಾನು, ಅವನ ತಂಗಿ, ಮದುವೆಯಾಗದೆ ಅವರ ಜೊತೆಗೇ ಮಣ್ಣಗುಡ್ಡದ ಮನೆಯಲ್ಲಿದ್ದೆ. ಶಾಲೆಯಲ್ಲಿ ಟೀಚರ್. ಮಕ್ಕಳ ಮೇಲೆ ಕೂಗಿ ಮಿಕ್ಕಿದ ಸ್ವರವನ್ನೆಲ್ಲ ಸಂಜೆ ಅಣ್ಣನ ಮೇಲೆ ಖರ್ಚು ಮಾಡುತ್ತಿದ್ದೆ.

ಎಪ್ಪತ್ತೆಂಟರ ಮಳೆಗಾಲ ಮುಗಿಯುತ್ತಿದ್ದಾಗ ಅವನಿಗೆ ಹಾರ್ಟ್ ಅಟ್ಯಾಕ್ ಆಯಿತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರರು ಮುಚ್ಚುಮರೆಯಿಲ್ಲದೆ ಹೇಳಿದರು. "ಭಾರ ಎತ್ತಬಾರದು. ಸುಮ್ಮನೆ ಕೂತಿರಬೇಕು. ಇನ್ನೊಮ್ಮೆ ಬಂದರೆ ನನ್ನ ಕೈಯಲ್ಲಿಲ್ಲ."

ರೊಸಾಲಿನ್ ನರ್ಸ್. ದೀರ್ಘ ರಜೆ ಹಾಕಿ ಮನೆಯಲ್ಲಿ ಕೂತಳು. ಬಹ್ರೈನಿನಲ್ಲಿದ್ದ ನಮ್ಮ ತಮ್ಮ ಮ್ಯಾಕ್ಸಿಮ್ ಸುದ್ದಿ ಕೇಳಿ ಬೊಂಬಾಯಿ ಮಾರ್ಗವಾಗಿ ಬಂದ. ಬಜಪೆಯಲ್ಲಿ ವಿಮಾನ ಇಳಿಯುವಾಗ ಅವನ ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳು. ಒಂದರಲ್ಲಿ ಬಣ್ಣಬಣ್ಣದ ಮೀನು, ಇನ್ನೊಂದರಲ್ಲಿ ಕೆಂಪು ಎಲೆಯ, ಲೇಸಿನಂಥ ಎಲೆಯ ನಾಜೂಕು ಗಿಡಗಳು. ಪೇಟೆಯಲ್ಲಿ ಗಾಜಿನ ಟ್ಯಾಂಕ್ ಮಾಡಿಸಿ ಹಾಲಿನಲ್ಲಿಟ್ಟ. "ಅಲ್ಲಿಯ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಉಂಟು. ನೋಡ್ತಾ ಕೂತರೆ ಮನಸ್ಸಿಗೆ ಶಾಂತಿ" ಎಂದ. ಶಾಂತಿ ನಮಗೆ ಒಪ್ಪಿಸಿ ತಾನು ವಾಪಸು ವಿಮಾನ ಹತ್ತಿದ.

ಅಣ್ಣ ಮೊದಲು ಮಾಡಿದ ಘನಕಾರ್ಯವೆಂದರೆ ಟ್ಯಾಂಕಿನ ತಳಕ್ಕೆ ಹಂಚಿನ ಮಣ್ಣು ಹಾಕಿದ್ದು. ಯಾರಿಗೋ ಹೇಳಿ ಕಾರ್ಖಾನೆಯಿಂದಲೇ ಒಂದು ಮುದ್ದೆ ತರಿಸಿದ್ದ. "ಮಣ್ಣಿನ ವಿಷಯ ನನಗೆ ಹೇಳಬೇಡಿ" ಎಂದ. ಟ್ಯಾಂಕಿನ ನೀರು ಜೂನ್ ತಿಂಗಳ ನೇತ್ರಾವತಿಯಂತೆ ಕೆಂಪಾಗಿ ಕದಡಿ, ಮೀನು ಇದೆಯೋ ಇಲ್ಲವೋ ಎಂಬುದೇ ತಿಳಿಯದಾಯಿತು. ರೊಸಾಲಿನ್ ಅದನ್ನೆಲ್ಲ ಬಳಿದು ತೆಗೆದು ಹೊಳೆಯ ಮರಳನ್ನು, ನಮ್ಮ ಕಡೆಯ ಹೊಯಿಗೆಯನ್ನು, ಹಾಕಿದಳು.

ಆಮೇಲೆ ಶುರುವಾದದ್ದು ಬೇರಿನ ತನಿಖೆ. ಬೆಳಿಗ್ಗೆ ಎದ್ದು ಶಿಲುಬೆ ಗುರುತು ಹಾಕಿದವನೇ ತೋಳು ಮಡಚಿ ಟ್ಯಾಂಕಿಗೆ ಕೈ ಹಾಕುವುದು. ಒಂದೊಂದೇ ಗಿಡ ಕಿತ್ತು, ಬೇರು ಬಿಟ್ಟಿದೆಯೇ ಎಂದು ಕನ್ನಡಕದ ಹತ್ತಿರ ಹಿಡಿದು ನೋಡಿ, ಪುನಃ ಊರುವುದು. ಹೀಗಾದರೆ ಯಾವ ಗಿಡ ತಾನೇ ಬದುಕೀತು? ಎಲೆಗಳು ಕೊಳೆತವು. ನೀರು ನಾರಿತು. ನೀರು ನಾರಿದರೆ ಬದಲಿಸಬೇಕು, ಬದಲಿಸಲು ಬಾವಿಯಿಂದ ಸೇದಬೇಕು.

ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಅವನು ಬಾವಿಕಟ್ಟೆಗೆ ಒರಗಿ ನಿಂತಿದ್ದ. ಒಂದು ಕೈಯಲ್ಲಿ ತುಂಬಿದ ಬಕೆಟ್, ಇನ್ನೊಂದು ಕೈ ಎದೆಯ ಮೇಲೆ. ಮುಖ ಬೂದಿ ಬಣ್ಣ. ರೊಸಾಲಿನ್ ಇಗರ್ಜಿಗೆ ಹೋಗಿದ್ದಳು. ಅವನನ್ನು ಒಳಗೆ ನಡೆಸಿ ತಂದು ಮಲಗಿಸುವಷ್ಟರಲ್ಲಿ ನನಗೆ ಗೊತ್ತಿದ್ದ ಸಂತರನ್ನೆಲ್ಲ ಕರೆದು ಮುಗಿಸಿದ್ದೆ. ಆ ದಿನ ಏನೂ ಆಗಲಿಲ್ಲ.

ರೊಸಾಲಿನ್ ಬಂದ ಕೂಡಲೇ ಹರಿಹಾಯ್ದೆ. "ಈ ಗಾಜಿನ ಪೆಟ್ಟಿಗೆ ನನ್ನ ಅಣ್ಣನನ್ನು ಕೊಲ್ತದೆ. ನಾಳೆಯೇ ಯಾರಿಗಾದ್ರೂ ಕೊಟ್ಟುಬಿಡು!"

ಅವಳು ಗಂಡನ ನಾಡಿ ಹಿಡಿದುಕೊಂಡೇ ಇದ್ದಳು. ಅದು ಮುಗಿದ ಮೇಲೆ ಹೇಳಿದಳು. "ಟ್ಯಾಂಕ್ ಕೊಟ್ಟರೆ ಇವರು ಏಣಿ ಇಟ್ಟು ಮಾಡಿನ ಹಂಚು ನೋಡ್ಲಿಕ್ಕೆ ಹತ್ತುತ್ತಾರೆ, ಗೆರ್ಟ್ರೂಡ್. ಕೈ ಹಿಡಿದು ತಡೆದರೆ ಯಾವ ಪೇಷೆಂಟೂ ಸುಮ್ಮನೆ ಕೂತದ್ದಿಲ್ಲ. ಕೈಗೆ ಕೆಲಸವೇ ಇರಬಾರ್ದು. ಅಂಥ ಗಿಡ ಬೇಕು."

ಅಂಥ ಗಿಡ ಹುಡುಕಲು ಅವಳು ಹಿಡಿದ ದಾರಿ ಇವತ್ತಿಗೂ ನನಗೆ ಬೆರಗು. ಬೇರೆಯವರಾದರೆ ಚಂದದ ಗಿಡ ಯಾವುದೆಂದು ಕೇಳುತ್ತಿದ್ದರು. ಇವಳು ನೆರೆಕರೆಯ ಬಾವಿ, ತೊಟ್ಟಿ ಇರುವ ಮನೆಗಳಿಗೆಲ್ಲ ಹೋಗಿ, "ನಿಮ್ಮ ನೀರಿನಲ್ಲಿ ಎಷ್ಟು ತೆಗೆದರೂ ಹೋಗದ ಕಳೆ ಯಾವುದುಂಟು?" ಎಂದು ಕೇಳಿದಳು. ಜನ ಇವಳ ಮುಖ ನೋಡಿದರು. ಒಬ್ಬರು ಸಾಸಿವೆಯಷ್ಟು ಎಲೆಯ ತೇಲುವ ಪಾಚಿ ತೋರಿಸಿದರು. "ಇದು ಮೇಲೆಲ್ಲ ಮುಚ್ಚಿ ಬೆಳಕು ತಿಂತದೆ. ಮೀನು ಕಾಣದಿದ್ರೆ ಇವರು ಪುನಃ ಕೈ ಹಾಕ್ತಾರೆ" ಎಂದು ಬಿಟ್ಟು ಬಂದಳು.

ಕೊನೆಗೆ ಅದು ಸಿಕ್ಕಿದ್ದು ಪಕ್ಕದ ಮನೆಯಲ್ಲಿ, ಉಮಾವತಿಯವರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ಸಿಮೆಂಟ್ ತೊಟ್ಟಿಯಲ್ಲಿ. ಸೊಳ್ಳೆಮರಿ ತಿನ್ನಲೆಂದು ಬಿಟ್ಟ ಸಣ್ಣ ಮೀನುಗಳ ನಡುವೆ ಅಳಿಲಿನ ಬಾಲದಂಥ ಹಸಿರು ಎಳೆಗಳು. ಉಮಾವತಿ ಅದನ್ನು ಗೋರಿ ತೆಗೆದು ತೆಂಗಿನ ಬುಡಕ್ಕೆ ಎಸೆದು ಎಸೆದು ಸೋತಿದ್ದರು. "ಒಂದು ತುಂಡು ಉಳಿದ್ರೆ ಸಾಕು, ಪುನಃ ತೊಟ್ಟಿ ಇಡೀ ಇದೇ. ಈ ಕಸ ನಿಮಗೆ ಎಂತಕ್ಕೆ ಬಾಯಮ್ಮ?"

"ಇದೇ ಬೇಕಾದದ್ದು" ಎಂದಳು ರೊಸಾಲಿನ್. ಅವಳು ಅಷ್ಟು ನಕ್ಕದ್ದನ್ನು ನಾನು ತಿಂಗಳುಗಳಿಂದ ನೋಡಿರಲಿಲ್ಲ. ಆಸ್ಪತ್ರೆಯ ಅಭ್ಯಾಸ ಬಿಡುತ್ತದೆಯೇ? ಪೊಟ್ಯಾಸಿಯಮ್ ಪರ್ಮಾಂಗನೇಟಿನ ಗುಲಾಬಿ ನೀರಿನಲ್ಲಿ ಅದ್ದಿ, ತೊಳೆದು, ಟ್ಯಾಂಕಿಗೆ ಬಿಟ್ಟಳು. ಊರಲಿಲ್ಲ, ಕಟ್ಟಲಿಲ್ಲ, ಸುಮ್ಮನೆ ಬಿಟ್ಟಳು.

ಮರುದಿನ ಬೆಳಿಗ್ಗೆ ಅಣ್ಣ ತೋಳು ಮಡಚಿದ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಒಂದು ಎಳೆ ಎತ್ತಿದ. ಬುಡ ನೋಡಿದ. ತಿರುಗಿಸಿ ತುದಿ ನೋಡಿದ. ಮತ್ತೆ ಬುಡ ಹುಡುಕಿದ.

"ರೊಸಾಲಿನ್, ಇದರ ಬೇರು ಎಲ್ಲುಂಟು?"

"ಇಲ್ಲ."

"ಇನ್ನೂ ಬರ್ಲಿಲ್ವಾ?"

"ಬರುವುದೇ ಇಲ್ಲ. ಆ ಗಿಡಕ್ಕೆ ಬೇರೇ ಇಲ್ಲ. ಎಲೆಯಲ್ಲೇ ಕುಡಿದು ಬದುಕ್ತದೆ."

ಅವನು ನೀರು ತೊಟ್ಟಿಕ್ಕುವ ಎಳೆಯನ್ನು ಹಿಡಿದು ಬಹಳ ಹೊತ್ತು ನಿಂತ. ಅದರಲ್ಲಿ ಪರೀಕ್ಷೆ ಮಾಡುವಂಥದ್ದು ಏನೂ ಇರಲಿಲ್ಲ. ಕೊನೆಗೆ ಪುನಃ ನೀರಿಗೆ ಬಿಟ್ಟು, ಕೈ ಒರಸಿ, ಕುರ್ಚಿಯಲ್ಲಿ ಕೂತ. ನಾನು ಇಷ್ಟು ವರ್ಷ ಬೈದು ಕೂರಿಸಲಾಗದವನನ್ನು ಅವಳು ಒಂದು ಹಿಡಿ ಕಳೆಯಿಂದ ಕೂರಿಸಿದ್ದಳು!

ಆಮೇಲೆ ನೀರು ತಾನಾಗಿಯೇ ತಿಳಿಯಾಯಿತು. ಗಿಡ ಜಾಸ್ತಿ ಬೆಳೆದರೆ ಕತ್ತರಿಯಲ್ಲಿ ಕತ್ತರಿಸಿದರೆ ಮುಗಿಯಿತು. ನೀರು ಇಳಿದರೆ ರೊಸಾಲಿನ್ ಒಂದು ಚೆಂಬು ಹೊಯ್ಯುತ್ತಿದ್ದಳು. ಬಕೆಟ್ ಬಾವಿಕಟ್ಟೆಯಲ್ಲಿ ಬೋರಲು ಬಿದ್ದಿತ್ತು. ಅಣ್ಣ ಕೂತು ನೋಡುತ್ತಿದ್ದ. ಮೊದಮೊದಲು ಚಡಪಡಿಸಿಕೊಂಡು, ಬರಬರುತ್ತಾ ನಿಜವಾಗಿಯೂ.

ಕ್ರಿಸ್ಮಸ್ ಕಳೆದ ಮೇಲೆ ಕಾರ್ಖಾನೆಯಿಂದ ಹೇಳಿ ಕಳಿಸಿದರು. ಗೂಡಿನ ಎದುರು ಕುರ್ಚಿ ಹಾಕಿಕೊಡುತ್ತೇವೆ, ಕೂತು ಹೇಳಿದರೆ ಸಾಕು, ಕೊಕ್ಕೆ ಹಿಡಿಯಲು ಜನ ಇದ್ದಾರೆ ಎಂದು. ಡಾಕ್ಟರರೂ ಒಪ್ಪಿದರು. ಅಣ್ಣನ ಕಣ್ಣಲ್ಲಿ ಬೆಳಕು ಬಂತು. ರೊಸಾಲಿನ್ ಮಾತ್ರ ಹೂಂ ಎನ್ನಲಿಲ್ಲ. ಕುರ್ಚಿಯಿಂದ ಎದ್ದು ಕೊಕ್ಕೆಗೆ ಕೈ ಹಾಕಿದ ದಿನವೇ ಅವನ ಕೊನೆಯ ದಿನವೆಂದು ಅವಳಿಗೆ ಗೊತ್ತಿತ್ತು.

ಅವಳು ಬಜಪೆಯ ತವರಿಗೆ ಹೋಗಿ, ಅಲ್ಲಿ ಹರಿಯುವ ತೋಡಿನಿಂದ ಉದ್ದ ಎಲೆಯ ಒಂದು ಗಿಡ ತಂದಳು. ಇದಕ್ಕೆ ಬೇರಿತ್ತು. ಹೊಯಿಗೆಯಲ್ಲಿ ಊರಿದಳು.

"ನಿನಗೆ ತಲೆ ಸರಿ ಉಂಟಾ?" ಎಂದೆ ಅಡುಗೆಮನೆಯಲ್ಲಿ.

"ಅವರು ಇದನ್ನು ಮುಟ್ಟದೆ ಇದ್ರೆ ಕಾರ್ಖಾನೆಗೆ ಕಳಿಸ್ತೇನೆ" ಎಂದಳು. "ಅವರಿಗೆ ಹೇಳ್ಬೇಡ."

ಆ ಗಿಡವೋ, ಜಾಗ ಬದಲಾದದ್ದೇ ನೆಪವಾಗಿ ಎಲೆಗಳನ್ನೆಲ್ಲ ಕರಗಿಸಿಕೊಂಡಿತು. ಒಂದು ವಾರದೊಳಗೆ ಹೊಯಿಗೆಯ ಮೇಲೆ ಕಪ್ಪು ಮೋಟು ಬಿಟ್ಟು ಬೇರೇನೂ ಉಳಿಯಲಿಲ್ಲ. ಅಣ್ಣ ದಿನವೂ ಅದರ ಎದುರೇ ಕೂತಿರುತ್ತಿದ್ದ. ಅವನ ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು. ನನಗಂತೂ ತಡೆಯಲಾಗಲಿಲ್ಲ. ಸತ್ತದ್ದನ್ನು ಎಷ್ಟು ದಿನ ಇಟ್ಟುಕೊಳ್ಳುವುದು? ಒಂದು ಸಂಜೆ ನಾನೇ ಸೆರಗು ಸಿಕ್ಕಿಸಿ ಟ್ಯಾಂಕಿಗೆ ಕೈ ಹಾಕಿದೆ.

ಅಣ್ಣ ಕೂತಲ್ಲಿಂದಲೇ ನನ್ನ ಮಣಿಕಟ್ಟು ಹಿಡಿದ.

"ಗೆರ್ಟ್ರೂಡ್, ಕೈ ತೆಗಿ."

"ಸತ್ತುಹೋಗಿದೆ ಮಾರಾಯ! ಬೇರಾದ್ರೂ ಉಂಟಾ ನೋಡುವ."

"ನೋಡುವುದೆಂತಕ್ಕೆ? ಬೆಂಕಿ ಇರುವಾಗ ಹಂಚು ಎಳೆದು ನೋಡ್ಬಹುದು. ಬೆಂಕಿ ಆರಿಸಿ, ಬಾಗಿಲಿಗೆ ಮಣ್ಣು ಮೆತ್ತಿದ ಮೇಲೆ ಗೂಡು ತೆಗೀಬಾರ್ದು. ತೆಗೆದ್ರೆ ಎಲ್ಲ ಹಂಚೂ ಒಡೀತದೆ. ಈ ಗಿಡವೂ ಈಗ ಆರ್ತಾ ಉಂಟು. ಬಿಡು ಅದನ್ನು."

ಅವನ ಹಿಡಿತದಲ್ಲಿ ಗಡಿಬಿಡಿ ಇರಲಿಲ್ಲ. ನಾನು ಕೈ ತೆಗೆದೆ. ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ರೊಸಾಲಿನ್ ನಿಂತಿದ್ದಳು, ಕಣ್ಣು ತುಂಬಿಕೊಂಡು. ಇಂಥ ಹೆಂಗಸು ನಮ್ಮ ಮನೆಗೆ ಬಂದದ್ದು ನಮ್ಮ ಪುಣ್ಯ ಎಂದು ಹೇಳಬೇಕೆನಿಸಿತು. ಆದರೆ "ಸಾರು ಉಕ್ಕುತ್ತಾ ಉಂಟು" ಎಂದೆ.

ಆ ಮೋಟಿನಿಂದ ಹೊಸ ಎಲೆ ಬರಲು ಇನ್ನೂ ತುಂಬಾ ದಿನ ಹಿಡಿಯಿತು. ರೊಸಾಲಿನ್ ಅದಕ್ಕೆ ಕಾಯಲಿಲ್ಲ. ಮರುದಿನ ಬೆಳಿಗ್ಗೆ ಅಣ್ಣ ಏಳುವಾಗ ಟ್ಯಾಂಕಿನ ಎದುರಿನ ಕುರ್ಚಿಯ ಮೇಲೆ ಅವನ ಕಾರ್ಖಾನೆಯ ಖಾಕಿ ಅಂಗಿ ಇಸ್ತ್ರಿಯಾಗಿ ಕೂತಿತ್ತು.