ಗ್ಯಾರೇಜು ಕಂಡರೆ ಸರಿಹೋಗುವ ವ್ಯಾನು

ಬಟ್ಟೆ ಹೊಲಿಯುವ ಟೈಲರ್‌ನ ವ್ಯಾನು ಪೆಟ್ರೋಲ್ ಬಂಕಿನಲ್ಲಿ ಮತ್ತೆ ಕೈಕೊಟ್ಟಿತು.

ಟೈಲರ್ ಕೀಲಿ ತಿರುಗಿಸಿದ. ಸೆಲ್ಫ್ ಹೊಡೆಯಿತು, ಗರಗರನೆ ಇಂಜಿನ್ ಸುತ್ತಿತು, ಹತ್ತಿಕೊಳ್ಳಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಅದೇ ಗರಗರ. ಹಿಂದೆ ನಿಂತವರು ಹಾರ್ನ್ ಬಾರಿಸತೊಡಗಿದರು. ಟೈಲರ್ ಸ್ಟೀರಿಂಗಿಗೆ ಗುದ್ದಿದ.

"ಅದಕ್ಕೇನು ನೋವಾಗುತ್ತೇನೋ?" ಎಂದರು ಹಿಂದಿನ ಸೀಟಿನಿಂದ ಅವನ ತಾಯಿ. "ನಿನ್ನ ಕೈಗೇ ಆಗೋದು."

ಅಮ್ಮನ ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸಿ ಒಂದೂವರೆ ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಮೆಷಿನ್ ಅವರದು, ಆಮೇಲೆ ಅದೇ ಮೆಷಿನ್ ಇನ್ನೊಬ್ಬರದು. ತಡವಾಗಿ ಹೋದರೆ ಹೋದಷ್ಟು ಹೊತ್ತು ಹೋಯಿತು. ಅದನ್ನು ಮುಂದಕ್ಕೆ ಎಳೆದುಕೊಡುವವರು ಯಾರೂ ಇಲ್ಲ. ಆಗಲೇ ಏಳೂಮುಕ್ಕಾಲು.

ಟೈಲರ್ ಇಳಿದವನೇ ಪೆಟ್ರೋಲ್ ಹಾಕಿದ ಹುಡುಗಿಯ ಮೇಲೆ ಹರಿಹಾಯ್ದ. "ಪೆಟ್ರೋಲ್ ಹಾಕ್ತೀರೋ ನೀರು ಹಾಕ್ತೀರೋ? ಹಾಕಿಸಿಕೊಂಡ ತಕ್ಷಣ ಗಾಡಿ ಸತ್ತುಹೋಯ್ತು!"

ಆಕೆ ಪೈಪನ್ನು ಜಾಗಕ್ಕೆ ಸಿಗಿಸಿ ಸಾವಧಾನವಾಗಿ ತಿರುಗಿದಳು. "ಅಣ್ಣಾ, ಬೆಳಿಗ್ಗೆಯಿಂದ ನೂರು ಗಾಡಿಗೆ ಹಾಕಿದೀನಿ. ನಿಮ್ಮೊಬ್ಬರಿಗೇ ನೀರು ಬೆರೆಸಿ ಕೊಡೋಕೆ ನನಗೇನು ನಿಮ್ಮ ಮೇಲೆ ವಿಶೇಷ ಪ್ರೀತಿನಾ?"

ಸಾಲಿನಲ್ಲಿದ್ದವರು ನಕ್ಕರು. ಟೈಲರ್‌ಗೆ ಮೈಯೆಲ್ಲ ಉರಿಯಿತು. ಇದು ಅವನು ಬದಲಿಸಿದ ಮೂರನೇ ಬಂಕು. ಮೂರರಲ್ಲೂ ವ್ಯಾನು ಹೀಗೇ ನಿಂತಿತ್ತು. ಮೂರರಲ್ಲೂ ಅವನು ಹೀಗೇ ಕೂಗಾಡಿದ್ದ.

ಅವನೂ ಪಕ್ಕದ ಸೀಟಿನಲ್ಲಿದ್ದ ಹೆಂಡತಿಯೂ ವ್ಯಾನನ್ನು ಬದಿಗೆ ತಳ್ಳಿ, ಬಾಡಿಗೆ ಗಾಡಿ ಹುಡುಕಿ, ಅಮ್ಮನನ್ನು ಕೂರಿಸಿ ಡಯಾಲಿಸಿಸ್ ಕೇಂದ್ರ ಮುಟ್ಟಿದಾಗ ಒಂಬತ್ತು ದಾಟಿತ್ತು. ನರ್ಸ್ ಗಡಿಯಾರ ನೋಡಿದರು, ಅಮ್ಮನ ಪಾದ ನೋಡಿದರು. ಹೆಬ್ಬೆರಳಿಂದ ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು.

"ಮೈಯಲ್ಲಿ ನೀರು ನಿಂತಿದೆ. ಹೋದ ವಾರವೂ ಮುಕ್ಕಾಲು ಗಂಟೆ ಕಡಿಮೆ ಆಗಿತ್ತು. ಹೀಗೇ ಆದ್ರೆ ಉಸಿರಾಟಕ್ಕೆ ಬರುತ್ತೆ. ಅರ್ಥ ಆಗ್ತಿದೆಯಾ?"

ಅರ್ಥವಾಗಿತ್ತು. ಅಮ್ಮನನ್ನು ಮೆಷಿನ್ ಬಳಿ ಬಿಟ್ಟು ಅವನು ಹೊರಗೆ ನಡೆದ.

ಬಂಕಿಗೆ ವಾಪಸು ಹೋಗಿ ಕೀಲಿ ತಿರುಗಿಸಿದರೆ ವ್ಯಾನು ಒಂದೇ ಸಲಕ್ಕೆ ಹತ್ತಿಕೊಂಡಿತು! ಟೈಲರ್ ಹಲ್ಲು ಕಡಿದುಕೊಂಡು ನೇರ ಗ್ಯಾರೇಜಿಗೆ ಓಡಿಸಿ, ಬಾಗಿಲಿಗೇ ಅಡ್ಡ ನಿಲ್ಲಿಸಿದ.

ಮೆಕ್ಯಾನಿಕ್ ಇನ್ನೊಂದು ಕಾರಿನ ಕೆಳಗಿಂದ ತಲೆ ಹೊರಹಾಕಿದ. "ಏನಣ್ಣ, ಮತ್ತೇನಾಯ್ತು?"

"ಏನಾಯ್ತಾ? ಬ್ಯಾಟರಿ ಹೊಸದು ಹಾಕಿಸಿದೆ. ಪೆಟ್ರೋಲ್ ಪಂಪು ಹೊಸದು ಹಾಕಿಸಿದೆ. ನೀನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಇವತ್ತು ಮತ್ತೆ ನಿಂತಿದೆ!"

"ನಿಂತಿದ್ರೆ ಇಲ್ಲಿಗೆ ಹೇಗೆ ಬಂತು?" ಮೆಕ್ಯಾನಿಕ್ ಎದ್ದು, ಕೈ ಒರೆಸಿಕೊಂಡು, ಇಂಜಿನ್ ಆರಿಸಿ, ತಕ್ಷಣವೇ ಕೀಲಿ ತಿರುಗಿಸಿದ. ಹತ್ತಿಕೊಂಡಿತು. ಆರಿಸಿದ, ತಿರುಗಿಸಿದ. ಮತ್ತೆ ಹತ್ತಿಕೊಂಡಿತು. "ನೋಡು. ಗಾಡಿ ಚೆನ್ನಾಗಿದೆ. ನೀನೇ ಸ್ವಲ್ಪ ಬಿಸಿಯಾಗಿದೀಯ."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

"ನಾನು ಹಾಗೆ ಹೇಳಲಿಲ್ಲ."

"ಬಿಚ್ಚಿದ ಹಳೇ ಪಂಪು ಎಲ್ಲಿ? ತೋರಿಸು!"

"ಅದು ಗುಜರಿಗೆ ಹೋಯ್ತಲ್ಲ."

"ಯಾರನ್ನ ಕೇಳಿ ಹಾಕಿದೆ?"

"ಆಗ ನೀನು ಕೇಳಿದ್ಯಾ? ಕೀಲಿ ಬಿಸಾಕಿ, 'ಏನಾದ್ರೂ ಮಾಡಿ ಸರಿಮಾಡು' ಅಂದು ಹೋದೆ. ನಾನೂ ಏನಾದ್ರೂ ಮಾಡಿದೆ."

ಟೈಲರ್ ಅಲ್ಲಿದ್ದ ಸ್ಪ್ಯಾನರ್ ಪೆಟ್ಟಿಗೆಯನ್ನು ಒದೆಯಲು ಕಾಲೆತ್ತಿದ, ಹೇಗೋ ತಡೆದುಕೊಂಡ.

ಹನ್ನೆರಡಕ್ಕೆ ಅಮ್ಮನನ್ನು ಕರೆತರಲು ಹೋದಾಗಲೂ ಅವನ ಸಿಟ್ಟು ಇಳಿದಿರಲಿಲ್ಲ. "ಕಳ್ಳ ಅವನು! ಎಲ್ಲರೂ ಕಳ್ಳರೇ! ಬಂಕಿನವರೂ ಅಷ್ಟೆ!" ಎಂದು ಕಾರಿಡಾರಿನಲ್ಲೇ ಶುರುಮಾಡಿದ. ಅಮ್ಮನ ತೂಕ ಪುಸ್ತಕದಲ್ಲಿ ಬರೆಯುತ್ತಿದ್ದ ನರ್ಸ್ ತಲೆ ಎತ್ತದೆಯೇ ಕೇಳಿದರು.

"ವ್ಯಾನಿಗೆ ಏನಾಗುತ್ತೆ?"

"ಕೈಕೊಡುತ್ತೆ."

"ಅಂದ್ರೆ?"

"ಸ್ಟಾರ್ಟ್ ಆಗಲ್ಲ ಸಿಸ್ಟರ್, ಇನ್ನೇನು?"

"ಸೆಲ್ಫ್ ಸುತ್ತುತ್ತಾ, ಇಲ್ಲಾ ಟಕ್ ಅಂದು ಸುಮ್ಮನಾಗುತ್ತಾ? ಲೈಟು ಮಂಕಾಗುತ್ತಾ? ನಿಲ್ಲೋ ಮುಂಚೆ ಎಷ್ಟು ದೂರ ಓಡಿತ್ತು? ಎಷ್ಟು ಹೊತ್ತಾದ ಮೇಲೆ ತಾನಾಗೇ ಸರಿಹೋಯ್ತು?"

ಒಂದಕ್ಕೂ ಟೈಲರ್ ಲೆಕ್ಕ ಇಟ್ಟಿರಲಿಲ್ಲ. "ನೀವು ಗಾಡಿ ಕೆಲಸವನ್ನೂ ಕಲಿತಿದೀರಾ?"

"ಇಲ್ಲಪ್ಪ. ಆದರೆ ಈ ಮೆಷಿನ್ ಕೆಟ್ಟರೆ ರಿಪೇರಿಯವರು ಫೋನಲ್ಲಿ ಇದನ್ನೇ ಕೇಳ್ತಾರೆ. ಯಾವಾಗ, ಎಷ್ಟು ಹೊತ್ತು ಓಡಿದ ಮೇಲೆ, ಯಾವ ದೀಪ ಹತ್ತಿತ್ತು. ಬರೆದಿಟ್ಟಿಲ್ಲ ಅಂದ್ರೆ ಬೈತಾರೆ. ಅವರು ಬರೋ ಹೊತ್ತಿಗೆ ಮೆಷಿನ್ ಒಳ್ಳೇ ಮಗುವಿನ ಹಾಗೆ ಕೂತಿರುತ್ತಲ್ಲ!" ನರ್ಸ್ ಪುಸ್ತಕವನ್ನು ಅವನ ಕಡೆ ತಿರುಗಿಸಿದರು. "ನಿಮ್ಮ ತಾಯಿಗೆ ಇಷ್ಟು ದಪ್ಪ ಪುಸ್ತಕ ಇದೆ. ಅವರನ್ನ ಕರೆತರೋ ವ್ಯಾನಿಗೆ ಎಲ್ಲಿದೆ?"

"ಬರೆದರೆ ಗಾಡಿ ಸರಿಹೋಗುತ್ತಾ?" ಎಂದ ಟೈಲರ್ ಮೂಗು ಮುರಿಯುತ್ತ.

ಉತ್ತರ ಅಮ್ಮನಿಂದ ಬಂತು. "ಅಂಗಿ ಹೊಲಿಸೋಕೆ ಬಂದೋರ ಕುತ್ತಿಗೆ ಅಳೀತೀಯ, ಭುಜ ಅಳೀತೀಯ, ಬರ್ಕೋತೀಯ. ಬಟ್ಟೆ ಅದಲುಬದಲಾಗಬಾರದು ಅಂತ ಚೂರು ಕತ್ತರಿಸಿ ಚೀಟಿಗೆ ಪಿನ್ ಹೊಡೀತೀಯ. ಮಿಕ್ಕ ಬಟ್ಟೆ ವಾಪಸು ಕೊಡ್ತೀಯ. ಯಾರಾದ್ರೂ ಬಂದು ಬಟ್ಟೆ ಬಿಸಾಕಿ 'ಏನಾದ್ರೂ ಹೊಲಿ' ಅಂದ್ರೆ ಹೊಲೀತೀಯೇನೋ?"

ಟೈಲರ್ ತೂಕದ ಪುಸ್ತಕವನ್ನು ಹತ್ತಿರ ಎಳೆದುಕೊಂಡು ಸಾಲುಗಳನ್ನು ಓದಿದ. ಅವನ ಕಿವಿಗಳು ಕೆಂಪಾದವು.

ನರ್ಸ್ ಇನ್ನೊಂದು ಮಾತು ಸೇರಿಸಿದರು. "ವ್ಯಾನು ಸರಿಹೋಗೋವರೆಗೆ ಡಯಾಲಿಸಿಸ್ ದಿನ ಅದನ್ನ ನಂಬಬೇಡಿ. ಬಾಡಿಗೆ ಗಾಡಿಗೆ ಹಿಂದಿನ ದಿನವೇ ಹೇಳಿಡಿ. ದಾರಿಯಲ್ಲಿ ಏನಾದ್ರೂ ಆದ್ರೆ ಮೊದಲು ನಮಗೆ ಫೋನ್ ಮಾಡಿ, ಜಗಳ ಆಮೇಲೆ ಆಡಿ."

ಅವತ್ತೇ ಟೈಲರ್‌ನ ಹೆಂಡತಿ ಅಂಗಡಿಯಿಂದ ಅಳತೆ ಪುಸ್ತಕವೊಂದನ್ನು ತಂದು ವ್ಯಾನಿನಲ್ಲಿಟ್ಟಳು. ಪೆನ್ನಿಗೆ ದಾರ ಕಟ್ಟಿದಳು. ಎದೆ, ಸೊಂಟ, ತೋಳು ಎಂದು ಅಚ್ಚಾಗಿದ್ದ ಕಡೆ ಗೀಟು ಹಾಕಿ, ಓಡಿದ ದೂರ, ನಿಂತ ಹೊತ್ತು, ಸೆಲ್ಫ್, ಲೈಟು ಎಂದು ಬರೆದಳು.

"ಇನ್ನು ವ್ಯಾನಿಗೆ ಪ್ಯಾಂಟು ಹೊಲಿಯೋದೊಂದು ಬಾಕಿ," ಎಂದು ಗೊಣಗಿದ ಟೈಲರ್. ಆದರೂ ಬರೆದ.

ಎರಡು ವಾರದಲ್ಲಿ ವ್ಯಾನು ಐದು ಸಲ ನಿಂತಿತು. ಒಂದು ಸಂಜೆ ಅಂಗಡಿಯ ಕಟಿಂಗ್ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತರು. ಹೆಂಡತಿ ಸಾಲಿನ ಮೇಲೆ ಬೆರಳಿಟ್ಟಳು.

"ರೀ, ಇಲ್ಲಿ ನೋಡಿ. ಬೆಳಿಗ್ಗೆ ತಣ್ಣಗಿದ್ದಾಗ ಒಂದು ದಿನವೂ ನಿಂತಿಲ್ಲ. ಐದು ಸಲವೂ ಅರ್ಧ ಗಂಟೆಗಿಂತ ಜಾಸ್ತಿ ಓಡಿದ ಮೇಲೆ. ಐದು ಸಲವೂ ಆರಿಸಿ ಐದು ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದಾಗ. ಲೈಟು ಮಂಕಾಗಿಲ್ಲ. ಸೆಲ್ಫ್ ಜೋರಾಗೇ ಸುತ್ತಿದೆ. ಮುಕ್ಕಾಲು ಗಂಟೆ ಬಿಟ್ಟರೆ ತಾನಾಗೇ ಸರಿ."

"ಬಂಕಿನಲ್ಲಿ..."

"ಬಂಕಿನಲ್ಲಿ ಎರಡೇ ಸಲ. ಒಂದು ಸಲ ಔಷಧಿ ಅಂಗಡಿ ಮುಂದೆ. ಒಂದು ಸಲ ಶಾಲೆ ಹತ್ರ. ಒಂದು ಸಲ ನೀವು ಅಂಗಿ ಗುಂಡಿ ತರೋಕೆ ಇಳಿದಾಗ. ಔಷಧಿ ಅಂಗಡಿಯೋರೂ ಪೆಟ್ರೋಲಿಗೆ ನೀರು ಬೆರೆಸಿದ್ರಾ?"

ಟೈಲರ್ ಪುಸ್ತಕವನ್ನೇ ನೋಡಿದ. ಅಮ್ಮನನ್ನು ಕರೆದೊಯ್ಯುವ ದಾರಿಯಲ್ಲಿ ಅವನು ಇಳಿಯುತ್ತಿದ್ದುದು ಬಂಕಿನಲ್ಲಿ ಮಾತ್ರ. ಅದಕ್ಕೇ ಬಂಕಿನ ಮೇಲೆ ಅನುಮಾನ. ಗ್ಯಾರೇಜಿಗೆ ಒಯ್ಯುವಷ್ಟರಲ್ಲಿ ಇಂಜಿನ್ ತಣ್ಣಗಾಗಿರುತ್ತಿತ್ತು. ಅದಕ್ಕೇ ಮೆಕ್ಯಾನಿಕ್ಕಿಗೆ ಇವನ ಮೇಲೆ ಅನುಮಾನ. ರೋಗ ಮಾತ್ರ ಇಬ್ಬರ ಕೈಗೂ ಸಿಗದೆ ಆಟವಾಡಿಸಿತ್ತು.

ಮರುದಿನ ಅವನು ಹೆಂಡತಿಯನ್ನೂ ಕೂರಿಸಿಕೊಂಡು ಬೇಕೆಂದೇ ಊರೆಲ್ಲ ಸುತ್ತಿ, ಇಂಜಿನ್ ಚೆನ್ನಾಗಿ ಕಾದ ಮೇಲೆ ಗ್ಯಾರೇಜಿನೊಳಗೆ ವ್ಯಾನು ನಿಲ್ಲಿಸಿ ಆರಿಸಿದ. "ಮುಟ್ಟಬೇಡ. ಎಂಟು ನಿಮಿಷ ಕಾಯಿ," ಎಂದು ಮೆಕ್ಯಾನಿಕ್ಕಿನ ಕೈಗೆ ಪುಸ್ತಕ ಕೊಟ್ಟ. ಮೆಕ್ಯಾನಿಕ್ ನಗುನಗುತ್ತ ಓದಲು ಶುರುಮಾಡಿದ. ಎರಡನೇ ಪುಟಕ್ಕೆ ನಗು ನಿಂತಿತು.

ಎಂಟು ನಿಮಿಷವಾಯಿತು. ಟೈಲರ್ ಕೀಲಿ ತಿರುಗಿಸಿದ. ಗರಗರ. ಹತ್ತಿಕೊಳ್ಳಲಿಲ್ಲ.

"ನಿಂತಿತು!" ಎಂದು ಹೆಂಡತಿ ಚಪ್ಪಾಳೆ ಹೊಡೆದಳು. ಗಾಡಿ ಕೆಟ್ಟಿದ್ದಕ್ಕೆ ಅಷ್ಟು ಸಂತೋಷಪಟ್ಟ ಕುಟುಂಬವನ್ನು ಆ ಗ್ಯಾರೇಜು ಹಿಂದೆ ಕಂಡಿರಲಿಲ್ಲ.

ಮೆಕ್ಯಾನಿಕ್ ಮೊದಲು ಪ್ಲಗ್ಗಿನಲ್ಲಿ ಕಿಡಿ ನೋಡಿದ. ಬರುತ್ತಿರಲಿಲ್ಲ. ಆಮೇಲೆ ಇಂಜಿನ್ನಿನ ಬದಿಗೆ ಕೈ ತೂರಿಸಿ, ಹೆಬ್ಬೆರಳು ಗಾತ್ರದ ಒಂದು ಸೆನ್ಸರಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದ. ಸ್ವಲ್ಪ ಹೊತ್ತಿಗೆ, "ಈಗ ತಿರುಗಿಸು," ಎಂದ. ಒಂದೇ ಸಲಕ್ಕೆ ಹತ್ತಿಕೊಂಡಿತು. (ಇದನ್ನು ನೀವು ಮನೆಯಲ್ಲಿ ಮಾಡಲು ಹೋಗಬೇಡಿ. ಬಿಸಿ ಇಂಜಿನ್ ಕೈ ಸುಡುತ್ತದೆ, ಬೆಲ್ಟು ಬೆರಳನ್ನು ಎಳೆದುಕೊಳ್ಳುತ್ತದೆ.)

"ಇದು ಕ್ರ್ಯಾಂಕ್ ಸೆನ್ಸರ್ರು. ಇಂಜಿನ್ ಸುತ್ತೋದನ್ನ ನೋಡಿ, ಕಿಡಿ ಯಾವಾಗ ಬೇಕು ಅಂತ ಸುದ್ದಿ ಕೊಡೋದು ಇದೇ. ಹಳೇದಾಗಿದೆ. ಗಾಡಿ ಓಡ್ತಿದ್ರೆ ಗಾಳಿ ಬೀಸುತ್ತೆ. ನಿಲ್ಲಿಸಿದ್ರೆ ಇಂಜಿನ್ನಿನ ಕಾವೆಲ್ಲ ಇದಕ್ಕೇ ಬಡಿದು ಮೂಕ ಆಗುತ್ತೆ. ಆರಿದ ಮೇಲೆ ಮತ್ತೆ ಸರಿ."

"ಅಂದ್ರೆ ಬ್ಯಾಟರಿ?"

ಮೆಕ್ಯಾನಿಕ್ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿದ.

"ಪಂಪು?"

"ಅವು ಚೆನ್ನಾಗೇ ಇದ್ದವು ಅನ್ಸುತ್ತೆ," ಎಂದ, ಬಟ್ಟೆ ಹಿಂಡುತ್ತ. "ಏನಾಗಿದೆ ಅಂತ ಗೊತ್ತಾಗ್ತಿಲ್ಲ ಅನ್ನೋಕೆ ನಾಚಿಕೆ ಆಯ್ತಣ್ಣ. ಅಂದಿದ್ರೆ ನೀನು ಬೇರೆಯವನ ಹತ್ರ ಹೋಗ್ತಿದ್ದೆ."

"ಹೋಗ್ತಿದ್ದೆ!" ಟೈಲರ್‌ನ ದನಿ ತಗಡಿನ ಮಾಡಿಗೆ ಬಡಿಯಿತು. "ಹೋಗೋ ಹಕ್ಕು ನನಗಿತ್ತು! ನಿನ್ನ ನಾಚಿಕೆ ಕಾಯೋಕೆ ನನ್ನ ತಾಯಿ ಎರಡು ಸಲ ಅರ್ಧಂಬರ್ಧ ಡಯಾಲಿಸಿಸ್ ಮಾಡಿಸ್ಕೊಂಡಿದಾರೆ. ಕಾಲು ಊದಿ ಚಪ್ಪಲಿ ಹಿಡೀತಿರಲಿಲ್ಲ, ಗೊತ್ತಾ? ನಾನು ಸರಿಯಾಗಿ ಹೇಳಲಿಲ್ಲ, ಅದು ನನ್ನ ತಪ್ಪು, ಒಪ್ಕೋತೀನಿ. ಕಾರಣ ಗೊತ್ತಿಲ್ಲದೆ ಬಿಚ್ಚಿದ್ಯಲ್ಲ, ಅದು ನಿನ್ನ ತಪ್ಪು. ಅದನ್ನ ನೀನು ಒಪ್ಕೋ!"

ಮೆಕ್ಯಾನಿಕ್ ತಲೆ ತಗ್ಗಿಸಿದ. "ತಪ್ಪಾಯ್ತು. ಆ ಎರಡು ಕೆಲಸದ ಕೂಲಿ ವಾಪಸು ಕೊಡ್ತೀನಿ."

"ಕೊಡು. ಮತ್ತೆ ಇವತ್ತಿಂದ ಎಲ್ಲ ಚೀಟಿಯಲ್ಲಿ. ಏನು ತೊಂದರೆ, ಏನು ಪರೀಕ್ಷೆ ಮಾಡಿದೆ, ಏನು ಹಾಕ್ತೀಯ, ಎಷ್ಟಾಗುತ್ತೆ. ನಾನು ಸಹಿ ಹಾಕೋವರೆಗೂ ಒಂದು ಬೋಲ್ಟೂ ಬಿಚ್ಚೋ ಹಾಗಿಲ್ಲ. ಬಿಚ್ಚಿದ ಹಳೇ ಸಾಮಾನು ನನ್ನ ಕೈಗೆ."

ಸಂಜೆ ಹೊಸ ಸೆನ್ಸರ್ ಹಾಕಿಸಿಕೊಂಡು ಹೊರಟಾಗ, ಕಾಗದದಲ್ಲಿ ಸುತ್ತಿದ ಹಳೆಯದು ಟೈಲರ್‌ನ ಜೇಬಿನಲ್ಲಿತ್ತು. ಆಮೇಲೆ ಮೂರು ದಿನ ಗಾಡಿಯನ್ನು ಕಾಯಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ನೋಡಿದರು. ಪುಸ್ತಕದಲ್ಲಿ ಮೂರು ಸಾಲು ಸೇರಿದವು. ಮೂರರಲ್ಲೂ 'ಹತ್ತಿಕೊಂಡಿತು.'

ನಾಲ್ಕನೇ ದಿನ ಅಮ್ಮನನ್ನು ಕೂರಿಸಿಕೊಂಡು ಅದೇ ಬಂಕಿನಲ್ಲಿ ನಿಲ್ಲಿಸಿದರು. ಅದೇ ಹುಡುಗಿ ಪೈಪು ಹಿಡಿದು ಬಂದಳು.

"ಇವತ್ತು ನೀರು ಎಷ್ಟು ಬೆರೆಸಲಿ ಅಣ್ಣಾ?"

ಹಿಂದಿನ ಸೀಟಿನಲ್ಲಿ ಅಮ್ಮ ಬಿದ್ದು ಬಿದ್ದು ನಕ್ಕರು. "ಅವತ್ತು ಬೈದದ್ದು ತಪ್ಪಾಯ್ತಮ್ಮ," ಎಂದು ಟೈಲರ್ ಹೇಳಿದ. ಆಮೇಲೆ ಕೀಲಿ ತಿರುಗಿಸಿದ. ಎಂಟಕ್ಕೆ ಹತ್ತು ನಿಮಿಷವಿರುವಾಗಲೇ ಅಮ್ಮ ತೂಕದ ಮೆಷಿನ್ ಮೇಲೆ ನಿಂತಿದ್ದರು. ಅವತ್ತು ಅವರಿಗೆ ಪೂರ್ತಿ ನಾಲ್ಕು ಗಂಟೆ ಸಿಕ್ಕಿತು.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯ ಗಾಡಿಯೂ ಹಳೆಯದಿರಬಹುದು. ಅದು ಕೈಕೊಟ್ಟಾಗ ಸಿಟ್ಟು ಬರುತ್ತದೆ, ಬರಲೇಬೇಕು. ಕಾರಣ ಹುಡುಕದೆ ಒಳ್ಳೆಯ ಸಾಮಾನು ಬಿಚ್ಚಿ ಬಿಸಾಡುವವರ ಮೇಲೆ ಸಿಟ್ಟಾಗಿ. ಆದರೆ ಖಾಲಿ ಕೈಯಲ್ಲಿ ಸಿಟ್ಟಾಗಬೇಡಿ, ಬರೆದ ಪುಸ್ತಕ ಹಿಡಿದು ಸಿಟ್ಟಾಗಿ. ಗ್ಯಾರೇಜಿಗೆ ಹೋದಾಗ ಮದ್ದು ಹೇಳಬೇಡಿ, ರೋಗದ ಲಕ್ಷಣ ಹೇಳಿ. ಚೀಟಿ ಕೇಳಿ, ಹಳೆಯ ಸಾಮಾನು ಕೇಳಿ, "ಇದೇ ಕಾರಣ ಅಂತ ಹೇಗೆ ಗೊತ್ತಾಯ್ತು?" ಎಂದು ಕೇಳಿ. ಕೇಳಿದರೆ ಮುಖ ಗಂಟಿಕ್ಕುವವನ ಗ್ಯಾರೇಜಿನಿಂದ ಕೀಲಿ ವಾಪಸು ತೆಗೆದುಕೊಂಡು ಬನ್ನಿ.

ಕೂಲಿ ವಾಪಸು ಬಂತು, ವ್ಯಾನೂ ಸರಿಹೋಯಿತು. ಅಮ್ಮನ ಮೆಷಿನ್ ಹೊತ್ತು ಎರಡು ಸಲ ಕಳೆದುಹೋಯಿತಲ್ಲ, ಅದನ್ನು ಯಾರೂ ವಾಪಸು ಕೊಡಲಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗುವುದು ಬೇಡ. ಇವತ್ತೇ ಗಾಡಿಯೊಳಗೆ ಒಂದು ಪುಸ್ತಕ ಇಡಿ, ಪೆನ್ನಿಗೆ ದಾರ ಕಟ್ಟಿ.